ಕೌದಿ ಹೊದ್ದ ಫ್ರಿಜ್

ಮೆಂತೆ ಪಲ್ಲೆಯ ಸೂಡು ಅರ್ಧ ಬಿಡಿಸಿ ಆಗಿತ್ತು. ಎಲೆ ತೊಡೆಯ ಮೇಲಿನ ಡಬ್ಬಿಗೆ, ದಂಟು ಕಾಲ ಬುಡದ ಚೀಲಕ್ಕೆ ಬೀಳುತ್ತಿದ್ದವು. ಬಸ್ಸು ಕುಣಿದಾಗ ದುರ್ಗಾ ಟೀಚರ ಕೈಯೂ ಕುಣಿಯುತ್ತಿತ್ತು, ಆದರೆ ಒಂದು ಎಲೆಯೂ ಆಚೀಚೆ ಆಗುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದ ಅಭ್ಯಾಸ. ರಾಮದುರ್ಗದಲ್ಲಿ ಹತ್ತಿ ಸಾಲಹಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಒಂದು ಸೂಡು ಮುಗಿಯಬೇಕು. ಸಂಜೆ ತಿರುಗಿ ಬರುವಾಗ ಬಳ್ಳೊಳ್ಳಿ ಸುಲಿಯುವುದು ಇರುತ್ತಿತ್ತು. ಹೀಗೆ ಮನೆಯ ಅರ್ಧ ಅಡುಗೆ ಸರ್ಕಾರಿ ಬಸ್ಸಿನಲ್ಲೇ ಆಗಿಹೋಗುತ್ತಿದ್ದುದರಿಂದ, ಅವಳ ಗಂಡ ವಿರೂಪಾಕ್ಷ ಪಲ್ಲೆ ಎಂಬುದು ಪೇಟೆಯಲ್ಲಿ ಬಿಡಿಸಿಯೇ ಸಿಗುತ್ತದೆ ಎಂದು ಇವತ್ತಿಗೂ ನಂಬಿದ್ದ.

ಫೋನು ಬಂತು. ಸುತ್ತಲಿನ ಹತ್ತಾರು ಶಾಲೆಗಳ ಮೇಲೆ ಕಣ್ಣಿಡುವ ಸಿ.ಆರ್.ಪಿ. ನೀಲಪ್ಪ ಸರ್.

"ಮೇಡಂ, ಎಲ್ಲದೀರಿ?"

"ಬಸ್ಸಿನ್ಯಾಗ್ರಿ ಸರ್."

"ಮಕ್ಕಳ ಕಾವ್ಯ ಸಂಭ್ರಮ ಅಂತ ಒಂದು ಬಂದೈತಿ. ಹುಡುಗೂರ ಕಡಿಂದ ಸ್ವಂತ ಕವಿತಾ ಬರಸಬೇಕು. ಒಂದೊಂದು ಸಾಲಿಯಿಂದ ಇಪ್ಪತ್ತು ಕವಿತಾ. ಶನಿವಾರ ನನ್ನ ಕೈಯಾಗಿರಬೇಕು."

"ನಮ್ಮ ಸಾಲ್ಯಾಗ ಇರೂದ ಹತ್ತೊಂಬತ್ತ ಹುಡುಗೂರ್ರಿ ಸರ್."

"ಹಂಗಾರ ಒಂದು ನೀವು ಬರೀರಿ."

"ಆಯ್ತ್ರಿ ಸರ್."

ಈ 'ಆಯ್ತ್ರಿ ಸರ್' ಎಂಬುದು ದುರ್ಗಾಳ ಬಾಯಿಂದ ಬರುವುದಕ್ಕೆ ಅವಳ ಒಪ್ಪಿಗೆ ಬೇಕಾಗಿರಲಿಲ್ಲ. ಅದು ತಾನೇ ಬರುತ್ತಿತ್ತು, ಆಕಳಿಕೆಯ ಹಾಗೆ. ಅದರ ಬಲದಿಂದ ಅವಳು ಜನರನ್ನು ಎಣಿಸಿದ್ದಳು, ಮತದಾರರನ್ನು ಎಣಿಸಿದ್ದಳು, ಶೌಚಾಲಯಗಳನ್ನು ಎಣಿಸಿದ್ದಳು. ಹಿಂದಿನ ತಿಂಗಳಷ್ಟೇ ಮನೆಮನೆ ಸಮೀಕ್ಷೆ ಮುಗಿಸಿ, ಉಳಿದ ಖಾಲಿ ನಮೂನೆಗಳ ಕಟ್ಟನ್ನು ಶಾಲೆಯ ಕಪಾಟಿನಲ್ಲಿ ಇಟ್ಟಿದ್ದಳು. ಒಂದೇ ಮಗ್ಗುಲು ಅಚ್ಚಾದ ಗಟ್ಟಿ ಕಾಗದ. ಇನ್ನೊಂದು ಮಗ್ಗುಲು ಹಾಲಿನಂತೆ ಬಿಳಿ. ಒಳ್ಳೆಯ ಕಾಗದ ಹಾಳಾಗಬಾರದು ಎಂಬ ಆ ಹೆಣ್ಣುಮಗಳ ಸದ್ಗುಣವೇ ಮುಂದಿನ ಎಲ್ಲ ಅನಾಹುತಕ್ಕೂ ಮೂಲವಾಯಿತು ಎಂದು ಈಗಲೇ ಹೇಳಿಬಿಡುವುದು ಒಳಿತು.

ಶಾಲೆ ಇದ್ದದ್ದು ಸಾಲಹಳ್ಳಿಯ ಆಚೆ ನಲವತ್ತು ಮನೆಗಳ ಒಂದು ಓಣಿಯಲ್ಲಿ. ಎರಡು ಕೋಣೆ, ಒಂದು ಬೇವಿನ ಮರ, ಒಬ್ಬಳೇ ಟೀಚರು. ಕವಿತೆ ಎಂದರೆ ಎದ್ದು ನಿಂತು, ಕೈ ಕಟ್ಟಿ, ಒಂದೇ ಉಸಿರಿನಲ್ಲಿ ಹೇಳಿ ಕುಳಿತುಕೊಳ್ಳುವ ಸಂಗತಿ ಎಂದು ಅಲ್ಲಿಯ ಮಕ್ಕಳು ತಿಳಿದಿದ್ದರು. ಟೀಚರೂ ಹಾಗೇ ತಿಳಿದಿದ್ದಳು. ಬೇವಿನ ಮರದ ಕೆಳಗೆ ಕೂರಿಸಿ "ನಿಮಗ ತಿಳಿದಂಗ ಒಂದು ಕವಿತಾ ಬರೀರಿ" ಎಂದಾಗ, ಹತ್ತೊಂಬತ್ತು ಪಾಟಿಗಳ ಮೇಲೆ ಹತ್ತೊಂಬತ್ತು ಆಕಳುಗಳು ಬಂದು ನಿಂತವು. ಎಲ್ಲವೂ ಬಿಳಿ, ಎಲ್ಲವೂ ಸಾಧು, ಎಲ್ಲವೂ ನಮಗೆ ಹಾಲು ಕೊಡುವಂಥವು.

ಹತ್ತೊಂಬತ್ತನೆಯ ಆಕಳಿನ ಹೊತ್ತಿಗೆ ದುರ್ಗಾಳಿಗೆ ನಿದ್ದೆ ಬರುವಂತಾಯಿತು.

"ಖರೇ ಹೇಳ್ರಿ. ಇವತ್ತ ಮುಂಜಾನಿ ಯಾರರ ಆಕಳಾ ನೋಡೀರೇನು? ಏನ್ ಮಾಡಾಕ ಹತ್ತಿತ್ತು?"

ನಾಲ್ಕನೇ ಇಯತ್ತೆಯ ಐಶ್ವರ್ಯಾ ಕೈ ಎತ್ತಿದಳು. "ನಮ್ಮ ಆಕಳಾ ಅಜ್ಜಿ ಕುಪ್ಪಸ ತಿನ್ನಾಕ ಹತ್ತಿತ್ರಿ. ಒಂದು ತೋಳು ಒಳಗ ಹೋಗಿತ್ತು. ಇನ್ನೊಂದು ತೋಳು ಹಿಡಕೊಂಡು ಅಜ್ಜಿ ಜಗ್ಗಾಕ ಹತ್ತಿದ್ಲ್ರಿ."

ಮರದ ಕೆಳಗೆ ನಗೆ ಎದ್ದಿತು. ದುರ್ಗಾಳೂ ಸೆರಗು ಬಾಯಿಗೆ ಹಿಡಿದಳು.

"ಅದನ್ನ ಬರಿ."

"ಅದು ಕವಿತಾ ಆಗತೈತೇನ್ರಿ ಅಕ್ಕಾರ?"

"ಆಗತೈತಿ," ಎಂದಳು ದುರ್ಗಾ. ಹಾಗೆ ಹೇಳಲು ಅವಳ ಹತ್ತಿರ ಯಾವ ಆಧಾರವೂ ಇರಲಿಲ್ಲ. ಆದರೂ ಹೇಳಿದ ಮೇಲೆ ಹುಮ್ಮಸ್ಸು ಬಂತು. ಕಪಾಟಿನಿಂದ ಆ ಕಟ್ಟು ತೆಗೆದು ಒಬ್ಬೊಬ್ಬರಿಗೆ ಒಂದೊಂದು ಹಾಳೆ ಕೊಟ್ಟು, "ಮನಿಗಿ ಹೋಗಿ ಸುಮ್ಮನ ಕುಂಡ್ರಿ. ಮನ್ಯಾಗ ಏನೇನ್ ಐತಿ ನೋಡ್ರಿ. ಯಾರ್ ಏನ್ ಮಾಡ್ತಾರ ನೋಡ್ರಿ. ಏನ್ ಸಪ್ಪಳ ಬರತೈತಿ ಕೇಳ್ರಿ. ಕಂಡಿದ್ದು ಕಂಡಂಗ ನಾಕ ಸಾಲು ಬರಕೊಂಡು ಬರ್ರಿ. ಯಾರನ್ನೂ ಕೇಳಬ್ಯಾಡ್ರಿ" ಎಂದು ಹೇಳಿ ಕಳಿಸಿದಳು.

ಮರುದಿನ ಶಾಲೆಯ ಗೇಟಿನಲ್ಲಿ ಬಿಸಿಯೂಟದ ಅಡುಗೆಯ ಚನ್ನವ್ವ ಸೌಟು ಹಿಡಿದು ನಿಂತಿದ್ದಳು.

"ಅಕ್ಕಾರ, ಇವತ್ತ ಓಣ್ಯಾಗ ಹಾದು ಬರಬ್ಯಾಡ್ರಿ ಅಂತ ಹೇಳಾಕ ನಿಂತಿದ್ದೆ. ನೀವು ಆಗಲೇ ಹಾದು ಬಂದ್ರಿ."

"ಯಾಕ, ಏನಾತು?"

"ಎಲ್ಲಾರ ಮನಿ ಬಾಗಲಾ ಹಾಕಿದ್ದು ನೋಡ್ಲಿಲ್ಲೇನು?"

ನಡೆದದ್ದು ಇಷ್ಟು. ಐಶ್ವರ್ಯಾ ಮನೆಗೆ ಹೋಗಿ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅದನ್ನೇ ದಿಟ್ಟಿಸಿ, ಏನೋ ಬರೆಯತೊಡಗಿದ್ದಳು. ಅವಳ ಅಜ್ಜಿ ಸಿದ್ದಲಿಂಗವ್ವ "ಏನವಾ ಅದು?" ಎಂದಳು. "ಮನ್ಯಾಗ ಏನೇನ್ ಐತಿ ಬರಕೊಂಡು ಬಾ, ಯಾರನ್ನೂ ಕೇಳಬ್ಯಾಡ ಅಂದಾರ ಅಕ್ಕಾರ" ಎಂದಿತು ಹುಡುಗಿ. ಅಜ್ಜಿ ಹಾಳೆಯನ್ನು ಕಸಿದು ಮಗ ಬಸವಲಿಂಗನ ಕೈಗೆ ಕೊಟ್ಟಳು. ಬಸವಲಿಂಗ ಅದನ್ನು ತಿರುವಿ ಓದಿದ: ಮನೆಯ ಮುಖ್ಯಸ್ಥರ ಹೆಸರು. ಪಡಿತರ ಚೀಟಿಯ ಸಂಖ್ಯೆ. ಮನೆಯಲ್ಲಿರುವ ವಸ್ತುಗಳ ವಿವರ.

ಫ್ರಿಜ್ ಇದ್ದವರ ಬಿಪಿಎಲ್ ಕಾರ್ಡು ಹೋಗುತ್ತದೆ ಎಂಬ ಮಾತು ದುರ್ಗಾ ಓದಿದ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಆದರೆ ಸಂತೆಯಲ್ಲಿ ಇತ್ತು. ಸುತ್ತೋಲೆಯನ್ನು ಯಾರೂ ಓದುವುದಿಲ್ಲ, ಸಂತೆಗೆ ಎಲ್ಲರೂ ಹೋಗುತ್ತಾರೆ. ದೀಪ ಹಚ್ಚುವ ಹೊತ್ತಿಗೆ ನಲವತ್ತು ಮನೆಗಳಲ್ಲೂ ಸಾಮಾನು ಸ್ಥಳ ಬದಲಿಸತೊಡಗಿದ್ದವು. ಟಿ.ವಿ. ಕಾಳು ತುಂಬುವ ನೆಲದಡಿಯ ಹಗೇವಿನೊಳಗೆ ಇಳಿಯಿತು. ವಾಷಿಂಗ್ ಮಷೀನಿನ ಮೇಲೆ ಹುಲ್ಲಿನ ಹೊರೆ ಬಿತ್ತು.

"ಚನ್ನವ್ವಾ, ಅದು ಹಿಂದಿನ ಬಾಜು. ನಾ ಬರ್ಯಾಕ ಕೊಟ್ಟಿದ್ದು ಮುಂದಿನ ಬಾಜು."

"ಅದನ್ನ ನಾನೂ ಅಂದ್ನಿರಿ. ಸರ್ಕಾರದ್ದು ಯಾವಾಗಲೂ ಹಿಂದಿನ ಬಾಜುನ ಖರೇ ಇರತೈತಿ ಅಂದ ಬಸವಲಿಂಗಣ್ಣ. ನನಗೂ ಹೌದನಿಸ್ತು."

ಮಕ್ಕಳು ಮಾತ್ರ ಏನೂ ಆಗಿಲ್ಲವೆಂಬಂತೆ ಬಂದು ಹಾಳೆಗಳನ್ನು ಮೇಜಿನ ಮೇಲಿಟ್ಟರು. ದುರ್ಗಾ ಮೊದಲು, ಅಪ್ಪನ ಕೈಯಿಂದ ಹೇಗೋ ತಿರುಗಿ ಪಡೆದು ತಂದಿದ್ದ ಐಶ್ವರ್ಯಾಳ ಹಾಳೆಯನ್ನು ತೆಗೆದಳು.

*ನಮ್ಮನಿ ಫ್ರಿಜ್ಜಿಗೆ ಥಂಡಿ ಬಂದೈತಿ*
*ಗುರ್ ಗುರ್ ಅಂತ ನಡಗತೈತಿ*
*ಅಜ್ಜಿ ಕೌದಿ ಹೊಚ್ಚ್ಯಾಳ*
*ಅಂದ್ರೂ ಸುಮ್ಮನಾಗವಲ್ದು*

ಇನ್ನೊಂದು ಭಾಗ್ಯಾಳದ್ದು. ಒಂದೇ ಮನೆಯಲ್ಲಿದ್ದೂ ಅವಳ ಅಪ್ಪ ತನ್ನ ತಾಯಿಯ ಹೆಸರಿನಲ್ಲಿ ಬೇರೆ ಕಾರ್ಡು ಮಾಡಿಸಿದ್ದು ಓಣಿಗೆಲ್ಲ ಗೊತ್ತಿತ್ತು, ಆದರೆ ಯಾರೂ ಅದನ್ನು ಹೀಗೆ ಹೇಳಿರಲಿಲ್ಲ:

*ಕಾರ್ಡಿನ್ಯಾಗ ಅಜ್ಜಿದು ಬ್ಯಾರೆ ಮನಿ*
*ನಮ್ದು ಬ್ಯಾರೆ ಮನಿ*
*ನಡುವ ಗ್ವಾಡಿ ಎಲ್ಲೈತಿ ಅಂತ*
*ನಮ್ಮ ಬೆಕ್ಕು ಹುಡುಕಾಕ ಹತ್ತೈತಿ*

ದುರ್ಗಾ ನಕ್ಕಳು. ನಗುತ್ತಲೇ ಎರಡನೇ ಇಯತ್ತೆಯ ಪುಟ್ಟ ದೇವಕ್ಕನ ಹಾಳೆ ತೆಗೆದಳು. ಅಕ್ಷರಗಳು ಇರುವೆಗಳ ಹಾಗೆ ಎಲ್ಲೆಂದರಲ್ಲಿ ಹರಿದಾಡಿದ್ದವು.

*ನಮ್ಮವ್ವ ಒಬ್ಬಾಕಿನ ಇದ್ದಾಗ*
*ಕನ್ನಡಿಗೆ ಹಲ್ಲು ತೋರಸ್ತಾಳ*
*ಯಾರರ ಬಂದ್ರ*
*ಬಾಯಿ ಮುಚ್ಚತಾಳ*

ಇದಕ್ಕೆ ನಗು ಬರಲಿಲ್ಲ. ದೇವಕ್ಕನ ಅವ್ವನನ್ನು ದುರ್ಗಾ ವಾರಕ್ಕೆರಡು ಸಲ ನೋಡುತ್ತಿದ್ದಳು. ಆ ಹೆಂಗಸಿಗೆ ಹಲ್ಲುಗಳಿವೆ ಎಂಬುದೇ ದುರ್ಗಾಳ ಗಮನಕ್ಕೆ ಬಂದಿರಲಿಲ್ಲ. ಮತ್ತೊಮ್ಮೆ ಓದಿ, ಹಾಳೆಯನ್ನು ಮಗುಚಿ ಇಟ್ಟಳು. ಇಪ್ಪತ್ತೊಂದು ವರ್ಷ ಈ ಮನೆಗಳ ಬಾಗಿಲಲ್ಲಿ ನಿಂತು ಎಷ್ಟೊಂದು ಕಾಲಂ ತುಂಬಿದ್ದಳು. ಒಳಗೆ ಏನಿದೆ ಎಂದು ಗೊತ್ತಾದದ್ದು ಇವತ್ತು. ಮಕ್ಕಳ ಕೈಗೆ ಈ ರುಚಿ ಹತ್ತಿದೆ. ಇನ್ನು ಅದು ತಪ್ಪಬಾರದು, ಏನಾದರಾಗಲಿ ತಪ್ಪಬಾರದು ಎಂದು ಅವಳಿಗೆ ಅನ್ನಿಸಿತು.

ಅಷ್ಟರಲ್ಲಿ ಸಿದ್ದಲಿಂಗವ್ವ ಬಂದಳು. ಕೈಯಲ್ಲಿ ಒಂದು ಚರಿಗೆ ತುಂಬ ತುಪ್ಪ.

"ಅಕ್ಕಾರ, ಇದನ್ನ ತಗೋರಿ. ನಮ್ಮ ಮನ್ಯಾಗ ಹೈನ ಅನ್ನೂದ ಇಲ್ಲ ಅಂತ ಬರಕೋರಿ."

"ಯವ್ವಾ, ಹೈನ ಇಲ್ಲಂದ್ರ ತುಪ್ಪ ಎಲ್ಲಿಂದ ಬಂತ್ರಿ?"

"ಅದನ್ನ ನೀವು ಕೇಳಬಾರದು ಅಂತನ ಇಷ್ಟ ತಂದೀನಿ."

ಅವಳ ಹಿಂದೆ ಇನ್ನೂ ಏಳೆಂಟು ಹೆಂಗಸರು. ಒಬ್ಬಳ ಬುಟ್ಟಿಯಲ್ಲಿ ಶೇಂಗಾ ಉಂಡಿ, ಒಬ್ಬಳ ಮಡಿಲಲ್ಲಿ ಜವಾರಿ ತತ್ತಿ. ಮನೆಯಲ್ಲಿ ಏನೂ ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ ಎಲ್ಲರೂ ಮನೆಯಲ್ಲಿದ್ದುದನ್ನೆಲ್ಲ ಹೊತ್ತು ತಂದಿದ್ದರು.

"ಇದು ಸರ್ವೇ ಅಲ್ರವಾ. ಇದು ಕವಿತಾ."

"ಕವಿತಾ ಅಂದ್ರ ಯಾವ ಯೋಜನಾರಿ ಇದು?" ಎಂದಳು ಹಿಂದಿನವಳು. "ಗಂಡಸರ ಹೆಸರಲೆ ಬರೂದೋ, ಹೆಂಗಸರ ಹೆಸರಲೆ ಬರೂದೋ?"

"ಯಾರ ಹೆಸರಲೇನೂ ಬರೂದಿಲ್ಲ. ಮಕ್ಕಳು ಬರೀತಾರ, ನಾವು ಓದತೇವಿ, ಅಷ್ಟ."

"ಹಿಂದಕ ಶೌಚಾಲಯಕ್ಕ ಬಂದಾಗೂ ನೀವು ಅಷ್ಟ ಅಂದಿದ್ರಿ," ಎಂದಳು ಸಿದ್ದಲಿಂಗವ್ವ. "ಆಮ್ಯಾಲ ನಮ್ಮ ಯಜಮಾನ್ರನ್ನ ಅದರ ಬಾಗಲಾಗ ನಿಂದ್ರಿಸಿ ಫೋಟೋ ಹೊಡದ್ರಿ. ಅವರು ಹೋದಮ್ಯಾಲ ಗ್ವಾಡಿಗಿ ಹಾಕಾಕ ಅದೊಂದ ಫೋಟೋ ಇತ್ತು. ಅದಕ್ಕ ಹಾರ ಹಾಕೀವಿ."

ದುರ್ಗಾ ಸಮಾಧಾನ ಮಾಡಲು ಹೋಗಿ, "ಅಜ್ಜಿ, ನಿಮ್ಮ ಫ್ರಿಜ್ಜಿನ ಸುದ್ದಿ ನಾ ಯಾರ ಮುಂದೂ ಹೇಳೂದಿಲ್ರಿ, ಆಣಿ ಮಾಡತೇನಿ" ಎಂದುಬಿಟ್ಟಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಳುವುದಿಲ್ಲ ಎಂದು ಆಣೆ ಮಾಡಬೇಕಾದರೆ ಕೇಳುವವರು ಯಾರೋ ಇರಲೇಬೇಕಲ್ಲ.

ಮರುದಿನ ಟೀಚರು ಕೇಳದಿದ್ದರೂ ಮಕ್ಕಳು ಇನ್ನೊಂದು ಕವಿತೆ ಬರೆದುಕೊಂಡು ಬಂದರು. ಅಕ್ಷರ ಮಕ್ಕಳದ್ದು, ಧ್ವನಿ ದೊಡ್ಡವರದ್ದು. ಒಂದೇ ಸಂಜೆಯಲ್ಲಿ ಇಡೀ ಓಣಿ ದಿಕ್ಕೇಡಿಯಾಗಿತ್ತು. ಬಡತನದಲ್ಲಿ ಯಾರೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಬ್ಬರ ಮನೆಯಲ್ಲಿ ಚಿಮಣಿ ಇದ್ದು ಎಣ್ಣೆ ಇಲ್ಲದಿದ್ದರೆ, ಪಕ್ಕದ ಮನೆಯಲ್ಲಿ ಚಿಮಣಿಯೂ ಇರಲಿಲ್ಲ, ಅದರ ಆಚೆಯ ಮನೆಯಲ್ಲಿ ಚಿಮಣಿ ಇಡಲು ಗೋಡೆಯೂ ಇರಲಿಲ್ಲ. ಹೊಸ ಟ್ರ್ಯಾಕ್ಟರು ತಂದು ಇನ್ನೂ ಅದರ ಹಾರ ಬಾಡದ ಮನೆಯ ಹುಡುಗಿ 'ನಮ್ಮಪ್ಪ ಕಾಲಿಲೆ ಹೊಲ ಹರಗತಾನ' ಎಂದು ಬರೆದಿದ್ದಳು. ಬಸವಲಿಂಗ ಮಗಳಿಗೆ ಪ್ರಾಸಬದ್ಧವಾಗಿಯೇ ಹೇಳಿಕೊಟ್ಟಿದ್ದ:

*ಹಾಸಾಕ ಇಲ್ಲ, ಹೊಚಗೊಳ್ಳಾಕ ಇಲ್ಲ*
*ಮೊಸರಿನ ಮಾರಿ ನೋಡೇ ಇಲ್ಲ*
*ಹರಕು ಸೀರ್ಯಾಗ ನಮ್ಮ ಅಜ್ಜಿ*
*ಕುಡೀತಾಳ ಬರೇ ನೀರ ಗಂಜಿ*

ಐಶ್ವರ್ಯಾ ಮೇಜಿನ ಪಕ್ಕ ನಿಂತು ಕೇಳಿದಳು: "ಅಕ್ಕಾರ, ಇನ್ನ ಮ್ಯಾಲ ನಾವು ಕಂಡಿದ್ದು ಬರೀಬೇಕೋ, ಮನ್ಯಾಗ ಹೇಳಿದ್ದು ಬರೀಬೇಕೋ?"

ದುರ್ಗಾ ಬಾಯಿ ತೆರೆದಳು. ಅದೇ ಹೊತ್ತಿಗೆ ನೀಲಪ್ಪನ ಬೈಕು ಅಂಗಳಕ್ಕೆ ಬಂದು ನಿಂತಿತು.

ನೀಲಪ್ಪ ಮೇಜಿನ ಮೇಲಿದ್ದ ಹೊಸ ಹಾಳೆಗಳನ್ನೇ ಎತ್ತಿಕೊಂಡ. ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದ.

"ಮೇಡಂ, ಇದು ಕಾವ್ಯ. ಅಜ್ಜಿ, ಗಂಜಿ. ಪ್ರಾಸ ಹೆಂಗ ಬಂದೈತಿ ನೋಡ್ರಿ."

"ಸರ್, ಅವು ಖರೇ ಅಲ್ರಿ. ಖರೇದು ಇಲ್ಲೇ ಬ್ಯಾರೆ ಅದಾವು."

"ಕಾವ್ಯದಾಗ ಖರೇ ಸುಳ್ಳ ಯಾರ ಕೇಳ್ತಾರ್ರಿ, ಕಣ್ಣಾಗ ನೀರ ಬರಬೇಕು. ನನಗ ಬಂತು." ಅವನು ಆರು ಹಾಳೆಗಳ ಫೋಟೋ ಹೊಡೆದು ತಾಲೂಕಿನ ವಾಟ್ಸಾಪ್ ಗುಂಪಿಗೆ ಕಳಿಸಿಯೇ ಬಿಟ್ಟ. "ನೀವು ಸುಮ್ನಿರ್ರಿ. ಇದು ಎಲ್ಲಿಗೆ ಮುಟ್ಟತೈತಿ ನೋಡ್ತಿರ್ರಿ."

"ಆಯ್ತ್ರಿ ಸರ್."

ಅದು ಎಲ್ಲಿಗೆ ಮುಟ್ಟಿತೆಂದರೆ, ಶುಕ್ರವಾರ ಮಧ್ಯಾಹ್ನ ಒಂದು ಜೀಪು ಓಣಿಗೆ ಬಂತು. ಒಳಗೆ ತಾಲೂಕಿನ ಶಿಕ್ಷಣ ಇಲಾಖೆಯ ಸಾಹೇಬರು, ನೀಲಪ್ಪ, ರಾಮದುರ್ಗದ ಯಾವುದೋ ದಾನಿಗಳ ಬಳಗದ ಅಧ್ಯಕ್ಷರಾದ ಮಹಾದೇವ ಎಂಬವರು, ಮತ್ತು ಇಪ್ಪತ್ತು ಚಾದರಗಳು.

"ಆ ಹಾಸಾಕ ಇಲ್ಲ, ಹೊಚಗೊಳ್ಳಾಕ ಇಲ್ಲ ಅನ್ನೂ ಹುಡುಗಿ ಮನಿ ಯಾವುದು ಮೇಡಂ?" ಎಂದರು ಸಾಹೇಬರು. "ಮೊದಲ ಅಲ್ಲೇ ಹೋಗೂಣು."

ದುರ್ಗಾ ದಾರಿ ತೋರಿಸುತ್ತ ಮುಂದೆ ನಡೆದಳು. ಬೇರೆ ದಾರಿಯಿಂದ ಸುತ್ತಿಸಿ ಕರೆದೊಯ್ದರೆ ಹೇಗೆ ಎಂದು ಅವಳಿಗೆ ಹೊಳೆಯಿತು, ಆದರೆ ಆ ಓಣಿಗೆ ಇದ್ದದ್ದು ಒಂದೇ ದಾರಿ.

ಸಿದ್ದಲಿಂಗವ್ವನ ಪಡಸಾಲೆಯಲ್ಲಿ ಒಂದು ಹರಿದ ಚಾಪೆ, ಒಂದು ಮಣ್ಣಿನ ಗಡಿಗೆ. ಗೋಡೆಯ ಮೇಲೆ ಶೌಚಾಲಯದ ಬಾಗಿಲಲ್ಲಿ ನಿಂತ ಯಜಮಾನರು, ಹಾರ ಸಮೇತ. ಮೂಲೆಯಲ್ಲಿ ಕೌದಿ ಹೊದ್ದು ನಿಂತಿದ್ದ ಎತ್ತರದ ಏನೋ ಒಂದು. ಅಜ್ಜಿ ಎಲ್ಲಿಂದಲೋ ಹುಡುಕಿ ತಂದ ಹರಕು ಸೀರೆ ಉಟ್ಟಿದ್ದಳು. ಐಶ್ವರ್ಯಾ ಅವಳ ಪಕ್ಕದಲ್ಲಿ, ಬಸವಲಿಂಗ ಬಾಗಿಲ ಹಿಂದೆ.

ಎಲ್ಲರೂ ಚಾಪೆಯ ಮೇಲೆ ಕುಳಿತರು. ಸಿದ್ದಲಿಂಗವ್ವ ಒಂದು ತಂಬಿಗೆ ನೀರು ತಂದಿಟ್ಟಳು. ಇಟ್ಟು ಹಿಂದೆ ಸರಿಯಲಿಲ್ಲ, ಅಲ್ಲೇ ನಿಂತಳು. ಆ ಓಣಿಯಲ್ಲಿ ಬಂದವರಿಗೆ ಬರೀ ನೀರು ಕೊಟ್ಟು ಕೂರಿಸುವುದೆಂದರೆ ಹೊರಗೆ ದಬ್ಬಿದಂತೆಯೇ. ವೈರಿ ಬಂದರೂ ಚಹಾ, ಚುರುಮುರಿ ಆಗಲೇಬೇಕು. ಐವತ್ತು ವರ್ಷದಲ್ಲಿ ಆ ಮನೆಯಿಂದ ಯಾರೂ ಬರಿಹೊಟ್ಟೆಯಲ್ಲಿ ಎದ್ದಿರಲಿಲ್ಲ. ಅವಳ ಕೈ ಸೆರಗಿನ ಅಂಚನ್ನು ಹಿಸುಕುತ್ತಿದ್ದುದನ್ನು ದುರ್ಗಾ ನೋಡಿದಳು.

ಮಹಾದೇವ ಎದ್ದು ಒಂದು ಚಾದರವನ್ನು ಅಜ್ಜಿಯ ಹೆಗಲಿಗೆ ಹೊದಿಸಿ, ಫೋಟೋಕ್ಕೆ ಮುಖ ಮಾಡಿ ನಿಂತರು. "ಅಜ್ಜಿ, ಸ್ವಲ್ಪ ಕೈ ಮುಗೀರಿ. ಹಾಂ. ಮನ್ಯಾಗ ಮೊಸರಿನ ಮಾರಿ ನೋಡಿ ಎಷ್ಟ ವರ್ಷ ಆತು, ಒಂದೆರಡು ಮಾತಿನ್ಯಾಗ ಹೇಳ್ರಿ. ವೀಡಿಯೋ ಚಾಲೂ ಐತಿ."

ಅಜ್ಜಿ ಅವರನ್ನು ನೋಡಿದಳು. ಚಾದರವನ್ನು ನೋಡಿದಳು. ಅದರ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ತಿಕ್ಕಿ ನೋಡಿದಳು.

"ಇದು ಥಂಡಿಗೆ ತಡಿಯೂದಿಲ್ಲ," ಎಂದಳು.

"ಏನಂದ್ರಿ?"

"ಬಿಸಲಾಗ ಹಿಡದ್ರ ಆಕಡೆ ಮಂದಿ ಕಾಣತಾರ. ಯಾರ್ ಕೊಟ್ಟಾರೋ ನಿಮ್ಮನ್ನ ಮೋಸ ಮಾಡ್ಯಾರ." ಚಾದರ ತೆಗೆದು ಮಡಚಿ ಮಹಾದೇವರ ಕೈಯಲ್ಲಿಟ್ಟಳು. "ಕುಂಡ್ರಿ ಎಲ್ಲಾರೂ. ಬಸವಲಿಂಗಾ, ಬಾಗಲಾ ಹಿಂದ ಏನ್ ಮಾಡಾಕ ಹತ್ತಿ, ತಾಟು ತಗದು ತಾ. ಅಡಗಿಸಿಟ್ಟಾವಲ್ಲ, ಹಿತ್ತಾಳಿವು, ಅವನ್ನ ತಾ."

"ಯವ್ವಾ," ಎಂದ ಬಸವಲಿಂಗ, ಸಣ್ಣ ದನಿಯಲ್ಲಿ. "ಕಾರ್ಡು."

"ಕಾರ್ಡು ಹಾಳಾಗಿ ಹೋಗ್ಲಿ. ಬರೇ ನೀರ ಕುಡಿಸಿ ಕಳಿಸ್ಯಾಳ ಅಂತ ರಾಮದುರ್ಗದ ತನಕ ಹೇಳಿಸ್ಕೊಳ್ಳಲೇನು ನಾನು?"

ಮೂಲೆಗೆ ಹೋಗಿ ಕೌದಿಯನ್ನು ಎಳೆದಳು. ಕೆಂಪು ಬಣ್ಣದ, ಎರಡು ಬಾಗಿಲಿನ ಫ್ರಿಜ್ಜು ಬಿಡುಗಡೆಯಾದಂತೆ ನಿಂತಿತ್ತು. ಅದರೊಳಗಿಂದ ಗಟ್ಟಿ ಮೊಸರು ಬಂತು, ಬೆಣ್ಣೆಯ ಉಂಡೆ ಬಂತು, ಹಿಂದಿನ ದಿನದ ಶೇಂಗಾ ಹೋಳಿಗೆ ಬಂದವು. ಒಳಗಿನಿಂದ ರೊಟ್ಟಿ, ಗುರೆಳ್ಳು ಚಟ್ನಿ. ಹಗೇವಿನಿಂದ, ಯಾರೂ ಕೇಳದಿದ್ದರೂ, ಟಿ.ವಿ.ಯೂ ಮೇಲೆ ಬಂತು. ಒಮ್ಮೆ ಮರ್ಯಾದೆ ಹೊರಬಿದ್ದ ಮೇಲೆ ಅರ್ಧಕ್ಕೆ ನಿಲ್ಲಿಸಲಾಗುವುದಿಲ್ಲ.

ಸಾಹೇಬರು ಎರಡನೆಯ ಹೋಳಿಗೆ ಮುಗಿಸಿ ಕೇಳಿದರು: "ಅಜ್ಜಿ, ತಪ್ಪು ತಿಳೀಬ್ಯಾಡ್ರಿ. ಫ್ರಿಜ್ಜಿಗೆ ಕೌದಿ ಯಾಕ ಹೊಚ್ಚಿದ್ರಿ?"

ಸಿದ್ದಲಿಂಗವ್ವನಿಗೆ ಉತ್ತರ ಸಿಗುವ ಮೊದಲೇ ಐಶ್ವರ್ಯಾ ಎದ್ದು ನಿಂತು, ಕೈ ಕಟ್ಟದೆ, ತನ್ನ ಮೊದಲ ಕವಿತೆಯನ್ನು ಹೇಳಿಬಿಟ್ಟಳು. ಥಂಡಿ ಬಂದ ಫ್ರಿಜ್ಜು, ನಡುಗುವ ಫ್ರಿಜ್ಜು, ಅಜ್ಜಿ ಹೊಚ್ಚಿದ ಕೌದಿ, ಆದರೂ ಸುಮ್ಮನಾಗದ ಗುರ್ ಗುರ್. ಹಿಂದಿನಿಂದ ಫ್ರಿಜ್ಜು ಅದೇ ಹೊತ್ತಿಗೆ ಗುರ್ ಎಂದಿತು. ಮೊದಲು ನಕ್ಕದ್ದು ಅಜ್ಜಿ.

"ನನ್ನ ಮ್ಯಾಲ ಬರದಿಯೇನ ಖೋಡಿ," ಎಂದು ಮೊಮ್ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

"ಮೇಡಂ, ಇಂಥಾವು ಇನ್ನೂ ಅದಾವೇನು?" ಎಂದರು ಸಾಹೇಬರು.

"ಹತ್ತೊಂಬತ್ತು ಅದಾವ್ರಿ." ದುರ್ಗಾಳ ದನಿಯಲ್ಲಿ ಅವಳಿಗೇ ಗೊತ್ತಿಲ್ಲದ ಒಂದು ಹೆಮ್ಮೆ ಇತ್ತು.

"ಹಂಗಾರ ಆ ಗಂಜಿ ಬಿಡ್ರಿ, ಇವನ್ನ ಕಳಿಸ್ರಿ. ಬಹುಮಾನ ನಿಮಗ ಅಂತ ತಿಳೀರಿ. ಪುಸ್ತಕದಾಗ ಹೆಸರು ಸಮೇತ ಬರತೈತಿ. ರೇಷನ್ ಕಾರ್ಡಿಗೂ ನಮಗೂ ಏನೂ ಸಂಬಂಧಿಲ್ಲ ಅಜ್ಜಿ, ನಾವು ಸಾಲಿ ಮಂದಿ. ನೀಲಪ್ಪ, ಫಾರ್ಮ್ ಕೊಡ್ರಿ."

ನೀಲಪ್ಪ ಚೀಲದಿಂದ ಹತ್ತೊಂಬತ್ತು ಅರ್ಜಿ ತೆಗೆದು ಕೊಟ್ಟ. ದುರ್ಗಾ ಓದಿದಳು. ಮಗುವಿನ ಹೆಸರು. ಪಾಲಕರ ಹೆಸರು. ಆಧಾರ್ ಸಂಖ್ಯೆ. ಪಡಿತರ ಚೀಟಿಯ ಸಂಖ್ಯೆ. ಕೊನೆಗೆ, ಕವಿತೆಯಲ್ಲಿರುವ ಸಂಗತಿ ನಿಜವೆಂದು ಪಾಲಕರ ಸಹಿ.

"ಸರ್, ಕವಿತಾಕ ಪಡಿತರ ಚೀಟಿ ನಂಬರ್ ಯಾಕ್ರಿ?" ಅವಳು ಒಬ್ಬ ಅಧಿಕಾರಿಯನ್ನು ಹೀಗೆ 'ಯಾಕ' ಎಂದು ಕೇಳಿದ್ದು ಇದೇ ಮೊದಲು. ಕೇಳಿ ಅವಳಿಗೇ ಗಾಬರಿಯಾಯಿತು.

"ಎಲ್ಲಾ ಅರ್ಜಿಗೂ ಅದ ಕಾಲಂ ಮೇಡಂ. ವಿದ್ಯಾರ್ಥಿವೇತನದ ಫಾರ್ಮ್ ಇತ್ತಲ್ಲ, ಮ್ಯಾಲಿನ ಹೆಸರು ಅಷ್ಟ ಬದಲಿ ಮಾಡ್ಯಾರ."

"ಬಿಟ್ಟರ ನಡಿಯೂದಿಲ್ಲೇನ್ರಿ?"

"ಕಂಪ್ಯೂಟರ್ ಮುಂದ ಹೋಗೂದಿಲ್ಲ."

ಬಸವಲಿಂಗ ಅಮ್ಮನ ಕಡೆ ನೋಡಿದ. 'ನಾ ಹೇಳಿದ್ದಿಲ್ಲೇನು, ಹಿಂದಿನ ಬಾಜು' ಎಂದು ಅವನ ಹುಬ್ಬು ಹೇಳುತ್ತಿತ್ತು.

ಸಿದ್ದಲಿಂಗವ್ವ ದುರ್ಗಾಳನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. "ಅಕ್ಕಾರ, ನನ್ನ ಮೊಮ್ಮಗಳ ಹೆಸರು ಪುಸ್ತಕದಾಗ ಬರಬೇಕು. ಖರೇ ಬರಬೇಕು. ಆದ್ರ ಫ್ರಿಜ್ ಅನ್ನೂದೊಂದು ಮಾತು ತಗದು ಬ್ಯಾರೆ ಹಾಕಾಕ ಬರೂದಿಲ್ಲೇನು? ಕುರಿ ಅಂತ ಹಾಕ್ರಿ. ನಮ್ಮನಿ ಕುರಿಗೆ ಥಂಡಿ ಬಂದೈತಿ. ಕುರಿ ಎಷ್ಟಿದ್ರೂ ನಡೀತೈತಿ."

ಐಶ್ವರ್ಯಾ ಅಜ್ಜಿಯ ಸೆರಗಿನ ಹಿಂದೆಯೇ ಬಂದಿದ್ದಳು. "ಕುರಿ ಗುರ್ ಅನ್ನೂದಿಲ್ಲ ಅಜ್ಜಿ."

"ನೀ ಬರದ್ರ ಅಂತೈತಿ."

"ಅನ್ನೂದಿಲ್ಲ."

ಅಜ್ಜಿ ಮೊಮ್ಮಗಳು ಇಬ್ಬರೂ ದುರ್ಗಾಳ ಮುಖ ನೋಡಿದರು. ಇಬ್ಬರೂ ಹೇಳುತ್ತಿದ್ದುದು ಸರಿಯೇ. ಅವಳು ಕೈಯಲ್ಲಿದ್ದ ಅರ್ಜಿಗಳನ್ನು ಜೋಡಿಸಿಕೊಂಡು ಪಡಸಾಲೆಗೆ ಹೊರಟಳು.

ಹೊರಡುವಾಗ ಸಿದ್ದಲಿಂಗವ್ವ ಕೌದಿಯನ್ನು ಝಾಡಿಸಿ ಮಡಚಿ ಸಾಹೇಬರ ತೋಳಿನ ಮೇಲಿಟ್ಟಳು. "ನನ್ನ ಕೈಲೆ ಹೊಲದಿದ್ದು. ಇದು ತಡೀತೈತಿ." ಬಡವರಿಗೆ ಚಾದರ ಹಂಚಲು ಬಂದ ಜೀಪು ಇಪ್ಪತ್ತು ಚಾದರ, ಒಂದು ಕೌದಿ, ಎರಡು ಡಬ್ಬಿ ಹೋಳಿಗೆ ಹೇರಿಕೊಂಡು ತಿರುಗಿ ಹೋಯಿತು. ಜೀಪು ಏರುವ ಮೊದಲು ನೀಲಪ್ಪ ಹೇಳಿದ: "ನಾಳಿ ಮುಂಜಾನಿ ಸಾಲಿ ಬಿಡೂದರೊಳಗ ಹತ್ತೊಂಬತ್ತೂ ಅರ್ಜಿ, ಹತ್ತೊಂಬತ್ತೂ ಕವಿತಾ ಬರಬೇಕು ಮೇಡಂ."

ದುರ್ಗಾ "ಆಯ್ತ್ರಿ ಸರ್" ಎಂದಳು. ಬಾಯಷ್ಟೇ ಅಂದಿತು, ಅವಳು ಒಪ್ಪಿರಲಿಲ್ಲ.

ಶಾಲೆಗೆ ತಿರುಗಿ ಬಂದಾಗ ಊಟದ ಹೊತ್ತು ಮುಗಿದಿತ್ತು. ಮಕ್ಕಳು ಬೇವಿನ ಮರದ ಕೆಳಗೆ ಆಡುತ್ತಿದ್ದರು. ಅವಳು ಕಪಾಟು ತೆರೆದು, ಮೊದಲ ದಿನದ ಹತ್ತೊಂಬತ್ತು ಹಾಳೆಗಳನ್ನು ಕೈಗೆ ತೆಗೆದುಕೊಂಡಳು. ಕಳಿಸಬೇಕೆಂದರೆ ಫ್ರಿಜ್ಜು ಕುರಿಯಾಗಬೇಕು. ಇದ್ದದ್ದು ಇದ್ದಂತೆ ಕಳಿಸಿದರೆ ಕಾರ್ಡಿನಲ್ಲಷ್ಟೇ ಇರುವ ಗೋಡೆಯನ್ನು ಬೆಕ್ಕಿಗಿಂತ ಮೊದಲು ಬೇರೆ ಯಾರೋ ಹುಡುಕುತ್ತಾರೆ. ಇನ್ನು ದೇವಕ್ಕನ ಹಾಳೆ. ಅದರಡಿಗೆ 'ಇದು ನಿಜ' ಎಂದು ಸಹಿ ಹಾಕು ಅಂತ ಆ ತಾಯಿಯನ್ನು ಯಾವ ಬಾಯಿಂದ ಕೇಳುವುದು?

"ಅಕ್ಕಾರ," ಐಶ್ವರ್ಯಾ ಮತ್ತೆ ಬಂದು ನಿಂತಿದ್ದಳು. "ಅವತ್ತ ಕೇಳಿದ್ದು ನೀವು ಹೇಳಲೇ ಇಲ್ಲ. ಕಂಡಿದ್ದು ಬರೀಬೇಕೋ, ಹೇಳಿದ್ದು ಬರೀಬೇಕೋ?"

"ನಾಳಿ ಹೇಳತೇನಿ. ಹೋಗು, ಆಡು ಹೋಗು."

ಹುಡುಗಿ ಹೋದಳು. ದುರ್ಗಾ ನೀಲಪ್ಪನ ಅರ್ಜಿಗಳ ಮೇಲಿದ್ದ ಶಾಲಾವಾರು ವರದಿಯ ಹಾಳೆ ತೆಗೆದಳು. 'ಸ್ವೀಕರಿಸಿದ ಕವಿತೆಗಳ ಸಂಖ್ಯೆ' ಎಂಬಲ್ಲಿ ದುಂಡಗೆ ಒಂದು ಸೊನ್ನೆ ಬರೆದಳು. 'ಕಾರಣ' ಎಂಬಲ್ಲಿ 'ಮಕ್ಕಳಿಗೆ ಇನ್ನೂ ಕವಿತೆ ಬರುತ್ತಿಲ್ಲ' ಎಂದು ಬರೆದು ಸಹಿ ಹಾಕಿದಳು. ನೋಟೀಸು ಬರಬಹುದು. ಬರಲಿ. ಹತ್ತೊಂಬತ್ತು ಹಾಳೆಗಳನ್ನು ಮಡಚಿ ತನ್ನ ಚೀಲದ ತಳಕ್ಕೆ ಇಟ್ಟಳು.

ಹೊರಗೆ ಚನ್ನವ್ವ ಮಕ್ಕಳು ಉಂಡೆದ್ದ ಪಡಸಾಲೆಯ ಕರಿ ಕಲ್ಲಿಗೆ ನೀರು ಹೊಯ್ದು ಕಸಬರಿಗೆಯಿಂದ ತಳ್ಳುತ್ತಿದ್ದಳು. ಚೆಲ್ಲಿದ ಸಾರು, ಅನ್ನದ ಅಗುಳು, ಯಾರದೋ ಕೆಸರುಗಾಲಿನ ಗುರುತು, ಎಲ್ಲ ಒಂದೇ ಸಲಕ್ಕೆ ಅಂಗಳಕ್ಕೆ ಹರಿದುಹೋದವು. ಕಲ್ಲು ಕಪ್ಪಗೆ, ಉದ್ದಕ್ಕೆ, ಖಾಲಿಯಾಗಿ ಹೊಳೆಯಿತು.

ದುರ್ಗಾ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಮೇಜಿನ ಖಾನೆ ಎಳೆದು ಸೀಮೆಸುಣ್ಣದ ಡಬ್ಬಿಯಲ್ಲಿ ಎಷ್ಟು ತುಂಡು ಉಳಿದಿವೆ ಎಂದು ನೋಡಿದಳು. ಸಾಕಿತ್ತು. ನಾಳೆಯಿಂದ ಒಬ್ಬೊಬ್ಬರಿಗೆ ಒಂದೊಂದು ಹಾಸುಗಲ್ಲು. ಕಂಡದ್ದು ಕಂಡ ಹಾಗೆ ಬರೆಯಲಿ, ಎಲ್ಲರದ್ದನ್ನೂ ಎಲ್ಲರೂ ಓದಲಿ. ತಾಟು ಹಾಕುವ ಹೊತ್ತಿನ ತನಕ ಇದ್ದರೆ ಸಾಕು. ಆಮೇಲೆ ನೀರು ಹೊಯ್ದರಾಯಿತು.

"ಏನ್ ನೋಡಾಕ ಹತ್ತೀರಿ ಅಕ್ಕಾರ?" ಎಂದಳು ಚನ್ನವ್ವ.

"ಏನಿಲ್ಲ. ಕಲ್ಲು ಚಲೋ ತೊಳದಿ," ಎಂದು ದುರ್ಗಾ ಗಂಟೆ ಬಾರಿಸಲು ಹೋದಳು.